ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆಲ್ಲುತ್ತಿದ್ದರೂ ಅಭಿಮಾನಿಗಳು ಅದರ ತರಬೇತುದಾರರಲ್ಲೊಬ್ಬರಾದ ಬ್ರಯಾನ್ ಫೆರೆಂಟ್ಜ್ ಅವರನ್ನು ಏಕೆ ಬೈಯುತ್ತಿದ್ದರು?

ಗೆಲ್ಲಿಸುತ್ತಿದ್ದದ್ದು ರಕ್ಷಣಾ ವಿಭಾಗ, ಬ್ರಯಾನ್ ನೋಡಿಕೊಳ್ಳುತ್ತಿದ್ದದ್ದು ಆಕ್ರಮಣ ವಿಭಾಗ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಆಟಗಾರರು, ಬೇರೆ ಬೇರೆ ತರಬೇತುದಾರರು. 2022ರ ಮೊದಲ ಪಂದ್ಯವನ್ನೇ ನೋಡಿ. ಸೌತ್ ಡಕೋಟ ಸ್ಟೇಟ್ ವಿರುದ್ಧ ಅಯೋವಾ 7-3ರಿಂದ ಗೆದ್ದಿತು. ಏಳು ಅಂಕ ಎಂದರೆ ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲು ವಲಯಕ್ಕೆ ಒಯ್ದು ಗಳಿಸುವ ಆರು ಅಂಕ) ಮತ್ತು ಅದರ ಹೆಚ್ಚುವರಿ ಅಂಕ ಎಂದುಕೊಳ್ಳುತ್ತೇವೆ. ಇಲ್ಲಿ ಟಚ್‌ಡೌನೇ ಇರಲಿಲ್ಲ! ಒಂದು ಫೀಲ್ಡ್ ಗೋಲಿಗೆ, ಅಂದರೆ ಚೆಂಡನ್ನು ಒದ್ದು ಗೋಲು ಕಂಬಗಳ ನಡುವೆ ದಾಟಿಸಿದ್ದಕ್ಕೆ, ಮೂರು. ಎದುರಾಳಿಯನ್ನು ಅವರದೇ ಗೋಲು ವಲಯದೊಳಗೆ ಎರಡು ಬಾರಿ ಕೆಡವಿದ್ದಕ್ಕೆ ತಲಾ ಎರಡು.

ಬ್ರಯಾನ್ 1999ರಿಂದ ಮುಖ್ಯ ತರಬೇತುದಾರರಾಗಿದ್ದ ಕರ್ಕ್ ಫೆರೆಂಟ್ಜ್ ಅವರ ಮಗ ಎಂಬುದು ಉರಿಯುವ ಬೆಂಕಿಗೆ ತುಪ್ಪ ಸುರಿಯಿತು. ಸ್ವಜನಪಕ್ಷಪಾತದ ಆರೋಪ ತಪ್ಪಿಸಲು ಬ್ರಯಾನ್ ಕಾಗದದ ಮೇಲೆ ತಂದೆಗಲ್ಲ, ಕ್ರೀಡಾ ನಿರ್ದೇಶಕರಿಗೆ ಉತ್ತರದಾಯಿಯಾಗಿದ್ದರು; ಅದನ್ನು ನಂಬಿದವರು ಕಡಿಮೆ. 2023ರ ಒಪ್ಪಂದದಲ್ಲಿ ಪಂದ್ಯಕ್ಕೆ ಸರಾಸರಿ 25 ಅಂಕಗಳ ಷರತ್ತು ಹಾಕಿದರು. ತಮಾಷೆಯೆಂದರೆ, ರಕ್ಷಣಾ ವಿಭಾಗ ಗಳಿಸಿದ ಅಂಕಗಳೂ ಆ ಲೆಕ್ಕಕ್ಕೆ ಸೇರುತ್ತಿದ್ದವು. ಆದರೂ ಗುರಿ ಮುಟ್ಟಲಿಲ್ಲ. ಋತುವಿನ ನಡುವೆಯೇ, ಅಕ್ಟೋಬರ್‌ನಲ್ಲಿ, ಮುಂದಿನ ವರ್ಷ ಅವರಿರುವುದಿಲ್ಲ ಎಂಬ ಪ್ರಕಟಣೆ ಹೊರಬಿತ್ತು.

ತಂದೆಯ ಸಮರ್ಥಕರ ವಾದವೂ ಪೊಳ್ಳಲ್ಲ: ಪಂಟ್ ಮಾಡಿ (ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಟ್ಟು) ಎದುರಾಳಿಯನ್ನು ಹಿಂದೆ ಅಟ್ಟುವ ಈ ಜಿಪುಣ ತಂತ್ರದಿಂದಲೇ ಆ ವರ್ಷ ಹತ್ತು ಪಂದ್ಯ ಗೆದ್ದರು. ನನಗೆ ಟೀಕಾಕಾರರೇ ಸರಿ ಎನಿಸುತ್ತದೆ. ಕೊನೆಯ ಎರಡು ಪಂದ್ಯಗಳಲ್ಲಿ ಮಿಷಿಗನ್ ಎದುರು 26-0, ಟೆನೆಸ್ಸಿ ಎದುರು 35-0 ಸೋಲು. ಹಿಂದೆ ಬಿದ್ದಾಗ ಬೆನ್ನಟ್ಟುವ ಶಕ್ತಿಯೇ ಆ ತಂಡಕ್ಕಿರಲಿಲ್ಲ.