ಫೈಬ್ರಿಲ್‌ನಲ್ಲಿ ಯಾವ ಭಾಗ ಯಾವುದಕ್ಕೆ ತಾಗಿದೆ? ಮೊದಲು ಲೇಬಲಿಂಗ್ ಸರಿ ಮಾಡಿಕೊಳ್ಳಿ

ನಮಸ್ಕಾರ. ನಿಮ್ಮ ಪ್ರೋಟೀನ್ ಫೈಬ್ರಿಲ್ (ಅಣುಗಳು ಸಾಲಾಗಿ ಸೇರಿದ ನೂಲು) ಆಗುತ್ತದೆ, ಕ್ರಿಸ್ಟಲ್ ಮಾತ್ರ ಬರುತ್ತಿಲ್ಲ, ಗೈಡ್ ಸಾಲಿಡ್ ಸ್ಟೇಟ್ ಎನ್‌ಎಮ್‌ಆರ್ (ಘನ ಸ್ಯಾಂಪಲ್ ಅನ್ನು ಅಯಸ್ಕಾಂತದೊಳಗಿಟ್ಟು ಪರಮಾಣುಗಳ ಸಿಗ್ನಲ್ ಓದುವ ವಿಧಾನ) ಮಾಡಿ ಅಂದಿದ್ದಾರೆ. ಒಂದು ಅಣುವಿನ ಯಾವ ಭಾಗ ಪಕ್ಕದ ಅಣುವಿಗೆ ತಾಗಿದೆ ಅಂತ ತಿಳಿಯಲು ಯಾವ ಎಕ್ಸ್‌ಪೆರಿಮೆಂಟ್ ಹಾಕಬೇಕು ಅಂತ ಕೇಳಿದ್ದೀರಿ. ಎಕ್ಸ್‌ಪೆರಿಮೆಂಟ್ ಹೆಸರು ಆಮೇಲೆ ನೋಡೋಣ. ಆ ತಾಗುವ ಜಾಗ, ಅಂದರೆ ಇಂಟರ್‌ಫೇಸ್, ಕಾಣುತ್ತದೋ ಇಲ್ಲವೋ ಅನ್ನುವುದು ಪ್ರೋಟೀನ್‌ಗಾಗಿ ನೀವು ಬ್ಯಾಕ್ಟೀರಿಯಾ ಬೆಳೆಸುವ ಫ್ಲಾಸ್ಕ್‌ನಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ.

ಕಾರಣ ಇಷ್ಟೇ. ಎಲ್ಲ ಅಣುಗಳಿಗೂ ಎನ್‌ಎಮ್‌ಆರ್‌ಗೆ ಕಾಣುವ ಐಸೊಟೋಪ್‌ಗಳಾದ ಕಾರ್ಬನ್-13, ನೈಟ್ರೋಜನ್-15 ಎರಡನ್ನೂ ಪೂರ್ತಿ ಹಾಕಿ (ಇದೇ ಲೇಬಲಿಂಗ್) ಫೈಬ್ರಿಲ್ ಮಾಡಿದಿರಿ ಅಂದುಕೊಳ್ಳಿ. ಡಾರ್ ಎಕ್ಸ್‌ಪೆರಿಮೆಂಟ್‌ನಲ್ಲಿ (ಹತ್ತಿರದ ಕಾರ್ಬನ್‌ಗಳ ನಡುವೆ ಸಿಗ್ನಲ್ ದಾಟಿಸುವ ಪ್ರಯೋಗ) ಮಿಕ್ಸಿಂಗ್, ಅಂದರೆ ಸಿಗ್ನಲ್ ದಾಟಲು ಬಿಡುವ ಹೊತ್ತು, 400 ಮಿಲಿಸೆಕೆಂಡ್ ಇಟ್ಟರೆ ಸರಪಳಿಯಲ್ಲಿ ದೂರದ ರೆಸಿಡ್ಯೂಗಳ (ಅಮೈನೊ ಆಮ್ಲಗಳ) ನಡುವೆ ಪೀಕ್ ಬರುತ್ತದೆ. ಆದರೆ ಆ ಎರಡು ಕಾರ್ಬನ್ ಒಂದೇ ಅಣುವಿನವೋ, ಪಕ್ಕದ ಅಣುವಿನವೋ? ಪೀಕ್ ನೋಡಿ ಹೇಳಲು ಆಗುವುದಿಲ್ಲ. ಫೈಬ್ರಿಲ್‌ನಲ್ಲಿ ಬೀಟಾ ಎಳೆಗಳ (ಚಾಚಿಕೊಂಡ ಪ್ರೋಟೀನ್ ಸರಪಳಿಯ ತುಂಡುಗಳ) ನಡುವೆ ಇರುವುದು 4.7–4.8 ಆಂಗ್‌ಸ್ಟ್ರಾಮ್ ಅಂತರ. ಹಾಗಾಗಿ ಎರಡೂ ಸಾಧ್ಯ.

ಪೊಡೊಸ್ಪೊರಾ ಅನ್ನುವ ಶಿಲೀಂಧ್ರದ ಹೆಟ್-ಎಸ್ ಪ್ರಿಯಾನ್‌ನಲ್ಲಿ (ತನ್ನ ಆಕಾರವನ್ನೇ ಇತರ ಅಣುಗಳಿಗೂ ಹರಡುವ ಪ್ರೋಟೀನ್) ಈ ತೊಡಕು ಚೆನ್ನಾಗಿ ಕಾಣುತ್ತದೆ. 2008ರಲ್ಲಿ ಅದರ ರಚನೆ ಬಂತು. ಅಲ್ಲಿ ಒಂದೊಂದು ಅಣುವೂ ಎರಡು ಸುತ್ತು ಸುತ್ತಿಕೊಂಡು ಒಂದರ ಮೇಲೊಂದು ಕೂತಿದೆ. ಅಣುವಿನ ಒಳಗಿನ ಸುತ್ತುಗಳ ಅಂತರವೂ, ಅಣು ಅಣುಗಳ ನಡುವಿನ ಅಂತರವೂ ಹೆಚ್ಚು ಕಡಿಮೆ ಒಂದೇ. ಲೇಬಲ್ ಬೆರೆಸಿದ ಸ್ಯಾಂಪಲ್ ಇಲ್ಲದೆ ಅದನ್ನು ಬಿಡಿಸುವುದು ತುಂಬಾ ಕಷ್ಟವಿತ್ತು.

ಆದ್ದರಿಂದ ನೀವೂ ಮಿಶ್ರ ಲೇಬಲಿಂಗ್ ಮಾಡಿ. ಒಂದು ಬ್ಯಾಚ್‌ಗೆ ನೈಟ್ರೋಜನ್-15 ಮಾತ್ರ, ಇನ್ನೊಂದಕ್ಕೆ ಕಾರ್ಬನ್-13 ಮಾತ್ರ. ಎರಡನ್ನೂ ಸಮಪ್ರಮಾಣದಲ್ಲಿ ಬೆರೆಸಿ, ಆಮೇಲೆ ಫೈಬ್ರಿಲ್ ಮಾಡಿ. ಬೆರೆಸುವಾಗ ಪ್ರೋಟೀನ್ ಪೂರ್ತಿ ಬಿಡಿಬಿಡಿ ಮಾನೊಮರ್ ಆಗಿರಲೇಬೇಕು. 6 ಮೋಲಾರ್ ಗ್ವಾನಿಡಿನ್‌ನಲ್ಲಿ (ಪ್ರೋಟೀನ್ ಮಡಿಕೆ ಬಿಡಿಸುವ ರಾಸಾಯನಿಕ) ಕರಗಿಸಿ ಬೆರೆಸಿ, ನಂತರ ಗ್ವಾನಿಡಿನ್ ತೆಗೆಯುವುದು ಒಳ್ಳೆಯ ದಾರಿ. ಮೊದಲೇ ಸಣ್ಣ ಗುಂಪು ಕಟ್ಟಿಕೊಂಡಿದ್ದರೆ ನೈಟ್ರೋಜನ್‌ನವು ಒಂದು ಕಡೆ, ಕಾರ್ಬನ್‌ನವು ಒಂದು ಕಡೆ ಉಳಿದುಬಿಡುತ್ತವೆ. ಆಗ ಸುಮ್ನೆ ಮಷೀನ್ ಟೈಮ್ ಹಾಳು.

ಈ ಸ್ಯಾಂಪಲ್ ಮೇಲೆ ಎನ್‌ಎಚ್‌ಎಚ್‌ಸಿ ಅನ್ನುವ ಪ್ರಯೋಗ ಹಾಕಿ. ಸಿಗ್ನಲ್ ನೈಟ್ರೋಜನ್‌ನಿಂದ ಅದರ ಪ್ರೋಟಾನ್‌ಗೆ (ಹೈಡ್ರೋಜನ್‌ಗೆ), ಅಲ್ಲಿಂದ ಹತ್ತಿರದ ಇನ್ನೊಂದು ಪ್ರೋಟಾನ್‌ಗೆ, ಅಲ್ಲಿಂದ ಕಾರ್ಬನ್‌ಗೆ ಹೋಗುತ್ತದೆ. ನೈಟ್ರೋಜನ್ ಒಂದು ಅಣುವಿನಲ್ಲಿ, ಕಾರ್ಬನ್ ಇನ್ನೊಂದರಲ್ಲಿ. ಹಾಗಾಗಿ ಬಂದ ಪೀಕ್ ಇಂಟರ್‌ಫೇಸ್‌ನದ್ದು. ನೈಟ್ರೋಜನ್‌ನಿಂದ ಕಾರ್ಬನ್‌ಗೆ ಸಿಗ್ನಲ್ ದಾಟಿಸುವ ಟೆಡಾರ್, ಪೇನ್-ಸಿಪಿ ಪ್ರಯೋಗಗಳು ಕೂಡ ಇದೇ ಸ್ಯಾಂಪಲ್‌ಗೆ ಹೊಂದುತ್ತವೆ. ಸೆನ್ಸಿಟಿವಿಟಿ ಮಾತ್ರ ಕಡಿಮೆ. ಒಂದು ಕಡೆ ನೈಟ್ರೋಜನ್ ಅಣು ಬರುವ ಸಾಧ್ಯತೆ ಅರ್ಧ, ಅದರ ಪಕ್ಕದಲ್ಲಿ ಕಾರ್ಬನ್ ಅಣು ಬರುವ ಸಾಧ್ಯತೆ ಅರ್ಧ. ಅಂದರೆ ಉಪಯೋಗಕ್ಕೆ ಬರುವ ಜೋಡಿ ಕಾಲು ಭಾಗ. ಮಷೀನ್ ಬುಕ್ ಮಾಡುವಾಗ ದಿನಗಳ ಲೆಕ್ಕದಲ್ಲಿ ಕೇಳಿ.

ಜೊತೆಗೆ ಒಂದು ಕಂಟ್ರೋಲ್ ಬೇಕೇ ಬೇಕು. ಅದೇ ಎರಡು ಬ್ಯಾಚ್‌ಗಳನ್ನು ಬೇರೆ ಬೇರೆಯಾಗಿ ಫೈಬ್ರಿಲ್ ಮಾಡಿ, ಆಮೇಲೆ ಬೆರೆಸಿ, ಅಷ್ಟೇ ಹೊತ್ತು ಓಡಿಸಿ. ಸಹಜ ಕಾರ್ಬನ್‌ನಲ್ಲೂ 1.1% ಕಾರ್ಬನ್-13 ಇರುತ್ತದೆ. ನೈಟ್ರೋಜನ್ ಹಾಕಿದ ಅಣುವಿನ ಒಳಗೇ ಆ 1.1% ಸೇರಿ ಪೀಕ್ ಕೊಡಬಹುದು, ಟೆಡಾರ್‌ನಲ್ಲಿ ಇದು ಇನ್ನೂ ಜಾಸ್ತಿ. ಕಂಟ್ರೋಲ್‌ನಲ್ಲೂ ಉಳಿದ ಪೀಕ್ ಇಂಟರ್‌ಫೇಸ್ ಅಲ್ಲ. ಸಮಯ ಇಲ್ಲ ಅಂತ ಇದನ್ನು ಬಿಡಬೇಡಿ. ಇದಿಲ್ಲದ ಇಂಟರ್‌ಫೇಸ್ ನಕ್ಷೆಯನ್ನು ನಾನಂತೂ ನಂಬುವುದಿಲ್ಲ.

ನಿಮಗೆ ಬೇಕಿರುವುದು ಎಳೆಗಳು ಒಂದೇ ದಿಕ್ಕಿಗೆ ಇವೆಯೋ, ಎದುರುಬದುರೋ ಅನ್ನುವುದು ಮಾತ್ರವಾದರೆ ಇಷ್ಟೆಲ್ಲ ಬೇಡ. ಚಿಕ್ಕ ಪೆಪ್ಟೈಡ್ ಆದರೆ ಒಂದೇ ಒಂದು ಕಾರ್ಬೊನಿಲ್‌ಗೆ (ಆಮ್ಲಜನಕ ಜೋಡಿಬಂಧದಲ್ಲಿರುವ ಕಾರ್ಬನ್‌ಗೆ) ಕಾರ್ಬನ್-13 ಹಾಕಿ, ಪಕ್ಕದ ಅಣುವಿನ ಅದೇ ಕಾರ್ಬನ್‌ಗೆ ಎಷ್ಟು ದೂರ ಅಂತ ಅಳೆಯಿರಿ. ಬೇರೆ ಬೇರೆ ಜಾಗದ ಲೇಬಲ್‌ಗಳಲ್ಲೂ ಸುಮಾರು 4.8 ಆಂಗ್‌ಸ್ಟ್ರಾಮ್ ಬಂದರೆ ಎಳೆಗಳು ಒಂದೇ ದಿಕ್ಕಿಗೆ, ಸಾಲು ಹಿಡಿದು ಕೂತಿವೆ. ಅಲ್ಜೈಮರ್ಸ್ ಕಾಯಿಲೆಯ ಎ-ಬೀಟಾ 40 ಪೆಪ್ಟೈಡ್‌ನ ಫೈಬ್ರಿಲ್‌ಗಳನ್ನು ಹೀಗೇ ಅರ್ಥ ಮಾಡಿಕೊಂಡರು. ಅದರ ಅಯೋವಾ ಮ್ಯುಟೆಂಟ್‌ನಲ್ಲಿ (ಒಂದು ಅಮೈನೊ ಆಮ್ಲ ಬದಲಾದ ರೂಪ) ಎದುರುಬದುರು ಎಳೆಗಳೂ ಸಿಕ್ಕವು. ಆದ್ದರಿಂದ ಮೊದಲೇ ಒಂದು ಊಹೆಗೆ ಅಂಟಿಕೊಳ್ಳಬೇಡಿ.

ಇನ್ನೊಬ್ಬರು ಇದೇ ಚರ್ಚೆಯಲ್ಲಿ ಎರಡು ಬೇರೆ ಪ್ರೋಟೀನ್‌ಗಳ ಕಾಂಪ್ಲೆಕ್ಸ್ ಬಗ್ಗೆ ಕೇಳಿದ್ದರು. ಒಂದಕ್ಕೆ ಲೇಬಲ್ ಹಾಕಲು ಆಗದಿದ್ದರೆ? ಡೈನಾಕ್ಟಿನ್ ಪ್ರೋಟೀನ್‌ನ ಕ್ಯಾಪ್-ಗ್ಲೈ ಭಾಗ ಮೈಕ್ರೊಟ್ಯೂಬ್ಯೂಲ್ (ಟ್ಯೂಬ್ಯುಲಿನ್ ಪ್ರೋಟೀನ್‌ನಿಂದಾದ ಜೀವಕೋಶದ ಕೊಳವೆ) ಮೇಲೆ ಹೇಗೆ ಕೂರುತ್ತದೆ ಅಂತ ನೋಡಿದ ಕೆಲಸ ಓದಿ. ಕ್ಯಾಪ್-ಗ್ಲೈಗೆ ಮಾತ್ರ ಎರಡೂ ಲೇಬಲ್ ಹಾಕಿ, ರೆಡಾರ್ ಫಿಲ್ಟರ್‌ನಿಂದ ಅದರ ಪ್ರೋಟಾನ್ ಸಿಗ್ನಲ್ ಅಳಿಸಿದರು. ಉಳಿದದ್ದು ಲೇಬಲ್ ಇಲ್ಲದ ಟ್ಯೂಬ್ಯುಲಿನ್‌ನ ಪ್ರೋಟಾನ್‌ಗಳು. ಅವುಗಳಿಂದ ಸಿಗ್ನಲ್ ದಾಟಿ ಬಂದ ರೆಸಿಡ್ಯೂಗಳೇ ಇಂಟರ್‌ಫೇಸ್. ಬರೀ ಶಿಫ್ಟ್ (ಪೀಕ್ ಇರುವ ಜಾಗ) ಬದಲಾಯಿತು ಅಂತ ಇಂಟರ್‌ಫೇಸ್ ಎನ್ನುವುದಕ್ಕಿಂತ ಇದು ಎಷ್ಟೋ ಗಟ್ಟಿ. ದೂರದಲ್ಲಿ ಆಕಾರ ಸ್ವಲ್ಪ ಬದಲಾದರೂ ಶಿಫ್ಟ್ ಬದಲಾಗುತ್ತದೆ ಅಲ್ವಾ?

ಈಗ ರೋಟರ್, ಅಂದರೆ ಸ್ಯಾಂಪಲ್ ತುಂಬಿ ವೇಗವಾಗಿ ತಿರುಗಿಸುವ ಪುಟ್ಟ ಕೊಳವೆಯ ವಿಷಯ. ಕಾರ್ಬನ್ ನೋಡುವ ಈ ಪ್ರಯೋಗಗಳಿಗೆ 3.2 ಮಿಲಿಮೀಟರ್ ರೋಟರ್ ಸಾಕು. ಹತ್ತರಿಂದ ಇಪ್ಪತ್ತು ಮಿಲಿಗ್ರಾಂ ಪ್ರೋಟೀನ್ ಇಟ್ಟುಕೊಳ್ಳಿ. 0.7 ಮಿಲಿಮೀಟರ್ ರೋಟರ್ 100 ಕಿಲೋಹರ್ಟ್ಜ್ ದಾಟಿ ತಿರುಗುತ್ತದೆ, ಅರ್ಧ ಮಿಲಿಗ್ರಾಂನಲ್ಲೇ ಪ್ರೋಟಾನ್ ನೋಡಬಹುದು. ಪ್ರೋಟೀನ್ ಕಡಿಮೆ ಇದ್ದರೆ ಅದನ್ನು ಕೇಳಿ ನೋಡಿ.

ಫೈಬ್ರಿಲ್ ಒಣಗಿಸಬೇಡಿ. ಒಣಗಿದರೆ ಪೀಕ್ ಅಗಲವಾಗುತ್ತವೆ. ಅಲ್ಟ್ರಾಸೆಂಟ್ರಿಫ್ಯೂಜ್‌ನಲ್ಲಿ ಕೆಳಗಿಳಿಸಿ, ಒದ್ದೆ ಪೆಲೆಟ್ ಅನ್ನೇ ಪ್ಯಾಕಿಂಗ್ ಟೂಲ್‌ನಿಂದ ರೋಟರ್‌ಗೆ ತುಂಬಿ. ಗಾಳಿಗುಳ್ಳೆ ಉಳಿಯಬಾರದು. ಮುಚ್ಚಳದಿಂದ ನೀರು ಸೋರುತ್ತಿದೆಯೇ ಅಂತ ತೂಕ ಹಾಕಿ ನೋಡಿ. ರೋಟರ್‌ನ ಓರೆ, ಅಂದರೆ ಮ್ಯಾಜಿಕ್ ಆಂಗಲ್ ಅನ್ನುವ 54.7 ಡಿಗ್ರಿ, ಪೊಟ್ಯಾಸಿಯಂ ಬ್ರೋಮೈಡ್‌ನಿಂದ ಹೊಂದಿಸಿ. ಶಿಫ್ಟ್ ಅಡಮಾಂಟೇನ್‌ನಿಂದ ಹೊಂದಿಸಿ. ತಿರುಗುವ ಘರ್ಷಣೆಯಿಂದ ಸ್ಯಾಂಪಲ್ ಬಿಸಿಯಾಗುತ್ತದೆ, ಸ್ಕ್ರೀನ್ ಮೇಲಿನ ತಾಪಮಾನ ನಂಬಬೇಡಿ. ಡಿಎಸ್‌ಎಸ್ (ಪೀಕ್ ಜಾಗ ಅಳೆಯಲು ಸೊನ್ನೆಯಾಗಿ ಹಿಡಿಯುವ ವಸ್ತು) ಸ್ವಲ್ಪ ಹಾಕಿ ನೀರಿನ ಪೀಕ್ ಅಳೆಯಿರಿ. ಒಂದು ಡಿಗ್ರಿ ಏರಿದರೆ ಅದು ಸುಮಾರು 0.01 ಪಿಪಿಎಮ್ (ಶಿಫ್ಟ್ ಅಳೆಯುವ ಮಾನ) ಇಳಿಯುತ್ತದೆ.

ದುಬಾರಿ ಕಾರ್ಬನ್-13 ಗ್ಲೂಕೋಸ್ ಹೆಚ್ಚಾಗಿ ತರಿಸಿ ಮಿಶ್ರ ಸ್ಯಾಂಪಲ್‌ಗೆ ಇಳಿಯುವ ಮೊದಲು ಎರಡೂ ಲೇಬಲ್ ಇರುವ ಒಂದು ಚಿಕ್ಕ ಬ್ಯಾಚ್ ಮಾಡಿ. 20 ಮಿಲಿಸೆಕೆಂಡ್ ಡಾರ್ ತೆಗೆಯಿರಿ. ಥ್ರಿಯೊನಿನ್, ಸೆರಿನ್, ಐಸೊಲ್ಯೂಸಿನ್ ಪೀಕ್‌ಗಳು 1 ಪಿಪಿಎಮ್‌ಗಿಂತ ಕಿರಿದಾಗಿ ಬಿಡಿಬಿಡಿಯಾಗಿ ಕಂಡರೆ ಮುಂದುವರಿಯಿರಿ. ಒಂದೇ ರೆಸಿಡ್ಯೂಗೆ ಎರಡೆರಡು ಪೀಕ್ ಇದ್ದರೆ ಫೈಬ್ರಿಲ್ ಎರಡು ರೂಪದಲ್ಲಿ ಬೆಳೆದಿರಬಹುದು. ಆಗ ಸೀಡ್ (ಮೊದಲೇ ಆದ ಫೈಬ್ರಿಲ್‌ನ ಚೂರು) ಹಾಕಿ ಕೆಲವು ತಲೆಮಾರು ಬೆಳೆಸಿ ಒಂದೇ ರೂಪಕ್ಕೆ ತನ್ನಿ. ಆ ಸ್ಪೆಕ್ಟ್ರಮ್ ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ. ಬಫರ್, ಪಿಎಚ್, ಎಷ್ಟು ದಿನ ಅಲ್ಲಾಡಿಸಿದಿರಿ ಅನ್ನುವುದನ್ನೂ ಬರೆಯಿರಿ.