ಪ್ರತಿಕ್ರಿಯೆ: ಸೂಸನ್ ಲೂಚಿ ನಿಜವಾಗಿಯೂ 18 ಸಲ ಸೋತರಾ?

ಹೌದು, ನೀವು ಕೇಳಿದ್ದು ನಿಜ. ಅಮೆರಿಕದ ಧಾರಾವಾಹಿ ನಟಿ ಸೂಸನ್ ಲೂಚಿ ಅವರಿಗೆ ಡೇಟೈಮ್ ಎಮ್ಮಿ, ಅಂದರೆ ಹಗಲು ಹೊತ್ತಿನ ಟಿವಿ ಕಾರ್ಯಕ್ರಮಗಳಿಗೆ ಕೊಡುವ ಪ್ರಶಸ್ತಿ, ಕೈತಪ್ಪಿದ್ದು 18 ಸಲ. ಮೊದಲ ಸಲ ಹೆಸರು ಪಟ್ಟಿಗೆ ಬಂದಿದ್ದು 1978ರಲ್ಲಿ, ಗೆದ್ದಿದ್ದು 1999ರಲ್ಲಿ. ಅವತ್ತು ಹೆಸರು ಹೇಳುತ್ತಿದ್ದಂತೆ ಸಭೆಯೆಲ್ಲ ಎದ್ದು ನಿಂತಿತು, ಚಪ್ಪಾಳೆ ನಿಲ್ಲಲೇ ಇಲ್ಲ. ಆ ವಿಡಿಯೊ ಸಿಕ್ಕರೆ ತಪ್ಪದೆ ನೋಡಿ.

ಆದರೆ ಸುಮ್ನೆ ಸೋಲಿನ ಲೆಕ್ಕದಲ್ಲಿ ಅವರನ್ನು ಅಳೆಯಬೇಡಿ. 1970ರಲ್ಲಿ ಅಮೆರಿಕದ ಎಬಿಸಿ ವಾಹಿನಿಯ ‘ಆಲ್ ಮೈ ಚಿಲ್ಡ್ರನ್’ ಧಾರಾವಾಹಿ ಶುರುವಾದಾಗ ಲೂಚಿ ಮಾಡಿದ ಪಾತ್ರ ಎರಿಕಾ ಕೇನ್ ಇನ್ನೂ ಶಾಲೆಗೆ ಹೋಗುವ ಹಟಮಾರಿ ಹುಡುಗಿ. 2011ರಲ್ಲಿ ಎಬಿಸಿ ಧಾರಾವಾಹಿ ನಿಲ್ಲಿಸುವವರೆಗೂ ಆ ಪಾತ್ರ ಇವರದೇ. ವಾರಕ್ಕೆ ಐದು ಕಂತು, 1977ರಿಂದ ಒಂದೊಂದೂ ಒಂದು ಗಂಟೆ! ಪುಟಗಟ್ಟಲೆ ಮಾತು ಬಾಯಿಪಾಠ ಮಾಡಬೇಕು, ರಿಹರ್ಸಲ್‌ಗೆ ಸಮಯ ಕಡಿಮೆ. 1973ರಲ್ಲೇ ಎರಿಕಾ ಗರ್ಭಪಾತ ಮಾಡಿಸಿಕೊಳ್ಳುವ ಕಥೆ ಬಂತು. ಅಂಥ ಕಾಲದಲ್ಲಿ ಅದನ್ನು ನಟಿಸೋಕೆ ಧೈರ್ಯ ಬೇಕು ಅಲ್ವಾ?

ಒಂದೇ ಪಾತ್ರಕ್ಕೆ ಅಂಟಿಕೊಂಡು ವೃತ್ತಿ ಹಾಳಾಯಿತಾ ಅಂದಿರಿ. ನನಗೆ ಹಾಗನ್ನಿಸಲ್ಲ. ಬ್ರಾಡ್‌ವೇ ರಂಗಭೂಮಿಯಲ್ಲೂ ನಟಿಸಿದರು, 2013ರಿಂದ ‘ಡೀವಿಯಸ್ ಮೇಡ್ಸ್’ ಟಿವಿ ಸರಣಿಯಲ್ಲಿ ಬೇರೆಯದೇ ಪಾತ್ರ ಮಾಡಿದರು. 2023ರಲ್ಲಿ ಅದೇ ಡೇಟೈಮ್ ಎಮ್ಮಿಯವರು ಜೀವಮಾನ ಸಾಧನೆಯ ಗೌರವವನ್ನೂ ಕೊಟ್ಟರು.