ನನಗೋಸ್ಕರ ಸಮಯ ಮಾಡಿಕೊಳ್ಳೋಕೆ ಬೆಳಗ್ಗೆ ನಾಲ್ಕೂವರೆಗೆ ಏಳಬೇಕಾ?

ಏಳಬೇಡಿ. ಇಬ್ಬರು ಮಕ್ಕಳು, ಕೆಲಸ, ಅತ್ತೆ-ಮಾವ, ನಿಮಗೆ ಅಂತ ಅರ್ಧ ಗಂಟೆ ಇಲ್ಲ ಅಂತ ಬರೆದಿದ್ದೀರಿ. ಓದುತ್ತಿದ್ದ ಹಾಗೇ ನನ್ನ 2023 ನೆನಪಾಯ್ತು.

ಬೆಂಗಳೂರಲ್ಲಿ ನಮ್ಮ ಮನೆ ವಿಜಯನಗರ, ಆಫೀಸು ಊರಿನ ಇನ್ನೊಂದು ಕಡೆಯ ಹೂಡಿ. ಆ ವರ್ಷ ಮಾರ್ಚಲ್ಲಿ ಕೆ.ಆರ್.ಪುರದಿಂದ ಆಚೆಗೆ ಮೆಟ್ರೋ ಬಂತು, ಆದರೆ ಬೈಯಪ್ಪನಹಳ್ಳಿಯಿಂದ ಕೆ.ಆರ್.ಪುರದವರೆಗಿನ ಎರಡು ಕಿಲೋಮೀಟರ್ ಮಾತ್ರ ಬಾಕಿ. ಇಳಿದು, ಫೀಡರ್ ಬಸ್ ಹಿಡಿದು, ಟಿನ್ ಫ್ಯಾಕ್ಟರಿ ಅನ್ನೋ ಜಂಕ್ಷನ್ನಿನ ಟ್ರಾಫಿಕ್ ಜಾಮಲ್ಲಿ ಬೆಂದು, ಮತ್ತೆ ಮೆಟ್ರೋ ಹತ್ತಬೇಕು. ಅಕ್ಟೋಬರ್ 9ಕ್ಕೆ ಆ ತುಂಡೂ ಸೇರಿಕೊಂಡಿತು. ಅವತ್ತು ಸಂಜೆ ಒಂದೇ ರೈಲಲ್ಲಿ ಸೀದಾ ಬಂದೆ. ಮುಕ್ಕಾಲು ಗಂಟೆ ಮುಂಚೆ!

ತಪ್ಪು ಮಾಡಿದ್ದು ಆಗಲೇ. ಚಪ್ಪಲಿ ಬಿಡುವ ಮೊದಲೇ "ಇನ್ಮೇಲೆ ದಿನಾ ಮುಕ್ಕಾಲು ಗಂಟೆ ಉಳಿಯುತ್ತೆ" ಅಂತ ಕೂಗಿ ಹೇಳಿದೆ. ಮಾರನೇ ದಿನ ಆಫೀಸಲ್ಲೂ ಸಾರಿದೆ. ವಾರದೊಳಗೆ ಸಂಜೆ ಆರೂವರೆಗೆ ಆಫೀಸಿನ ಒಂದು ಮೀಟಿಂಗ್ ಕಾಲ್ ಬಂದು ಕೂತಿತು. ಮಗಳ ಟ್ಯೂಷನ್ ಬಿಡಿಸಿದರು, "ಅಮ್ಮನೇ ಬೇಗ ಬರ್ತಾಳಲ್ಲ" ಅಂತ. ಚಳಿ ಶುರುವಾಗುತ್ತಿದ್ದ ಹಾಗೆ ಅವರೆಕಾಯಿ. ಅಲ್ಲಿಯವರೆಗೆ ಹಿಸುಕಿದ ಬೇಳೆಯನ್ನೇ ಅಂಗಡಿಯಿಂದ ತರ್ತಿದ್ದೆವು. ಆ ವರ್ಷ ಅತ್ತೆ, "ಹೇಗಿದ್ರೂ ಬೇಗ ಬರ್ತೀಯಲ್ಲಮ್ಮ, ಮನೇಲೇ ಹಿಸುಕಿದ್ರೆ ಆಯ್ತು" ಅಂದರು. ಎಡಗಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಮ್ಯೂಟಲ್ಲಿ ಕೂತು, ನೆನೆಸಿದ ಕಾಳನ್ನು ಒಂದೊಂದಾಗಿ ಚಿಮ್ಮಿಸುತ್ತಿದ್ದೆ. ಬೆರಳ ತುದಿಯೆಲ್ಲ ಸುಕ್ಕು, ಎಷ್ಟು ಸೋಪು ಹಾಕಿದರೂ ಆ ಸೊಗಡು ಹೋಗುತ್ತಿರಲಿಲ್ಲ.

ಅವರನ್ನು ಬೈಯಲ್ಲ. "ಉಳಿದಿದೆ" ಅಂದವಳು ನಾನು. ಮನೆಯಲ್ಲಿ ಸಾರು ಉಳಿದಿದೆ ಅಂದರೆ ಅದನ್ನು ಯಾರಿಗೆ ಬಡಿಸೋದು ಅಂತ ತಾನೇ ಎಲ್ಲರೂ ಯೋಚಿಸೋದು? ಅದೇ ಮುಕ್ಕಾಲು ಗಂಟೆಯನ್ನು ನಾನು "ಉಳಿಯಿತು" ಅನ್ನದೆ "ನನಗೆ ಕೆಲಸ ಇದೆ" ಅಂದಿದ್ದರೆ ಯಾರೂ ಕೈ ಹಾಕುತ್ತಿರಲಿಲ್ಲ. ಅಥವಾ ಸುಮ್ಮನಾದರೂ ಇರಬಹುದಿತ್ತು. ಬಾಯಿ ಬಿಟ್ಟಿದ್ದಕ್ಕೆ ಒಂದು ವರ್ಷ ಹೋಯ್ತು.

ನಾಲ್ಕೂವರೆ ಪ್ರಯೋಗವನ್ನೂ ಮಾಡಿದೆ. ಮೂರನೇ ದಿನಕ್ಕೆ ನಲ್ಲಿ ಸದ್ದು ಕೇಳಿ ಅತ್ತೆ ಎದ್ದರು, "ಎದ್ದಿದ್ದೀಯಲ್ಲ, ಡಿಕಾಕ್ಷನ್ ಹಾಕಿಬಿಡು" ಅಂದರು. ಎರಡನೇ ವಾರ ರೈಲಲ್ಲಿ ನಿದ್ದೆ ಹೋಗಿ ಹೂಡಿ ದಾಟಿ ಕಾಡುಗೋಡಿಯಲ್ಲಿ ಕಣ್ಣು ಬಿಟ್ಟೆ. ನಿದ್ದೆ ಕೂಡ ನಿಮ್ಮದೇ ಸಮಯ ಕಣ್ರೀ, ಅದನ್ನೇ ಕತ್ತರಿಸಿದರೆ ಏನು ಲಾಭ?

"ಸಮಯ ಹೊಂದಿಸೋದು ಹೇಗೆ" ಅಂತ ಕೇಳಿದ್ದೀರಲ್ಲ, ನನ್ನ ಪ್ರಕಾರ ಆ ಪ್ರಶ್ನೆಯೇ ಸರಿ ಇಲ್ಲ. ಎಲ್ಲರ ಕೆಲಸ ಮುಗಿದ ಮೇಲೆ ನಿಮ್ಮದು ಅಂತ ಹೊಂದಿಸೋಕೆ ಹೊರಟರೆ ಏನೂ ಸಿಗಲ್ಲ. ಮೊದಲು ಎತ್ತಿಟ್ಟುಕೊಳ್ಳಿ.

ಈಗ ನಾನು ವಾರದಲ್ಲಿ ಮೂರು ದಿನ ಕಬ್ಬನ್ ಪಾರ್ಕ್ ಸ್ಟೇಷನ್ನಲ್ಲಿ ಇಳೀತೀನಿ. ಒಳಗೆ ಹೋಗಿ ಕಲ್ಲುಬೆಂಚಿನ ಮೇಲೆ ಅರ್ಧ ಗಂಟೆ. ಧ್ಯಾನ-ಗೀನ ಏನಿಲ್ಲ, ಕಡಲೇಕಾಯಿ ತಿಂತೀನಿ. ಇಳಿದು ಹತ್ತಿದರೆ ಟಿಕೆಟ್ ಜಾಸ್ತಿ ಬೀಳುತ್ತೆ, 2025ರ ಫೆಬ್ರವರಿಯಲ್ಲಿ ದರ ಏರಿದ ಮೇಲಂತೂ ಇನ್ನೂ ಜಾಸ್ತಿ. ಕಾರ್ಡ್ ಯಾಕೆ ಇಷ್ಟು ಬೇಗ ಖಾಲಿ ಅಂತ ನಮ್ಮನೆಯವರು ಕೇಳಿದರು. ಇದ್ದದ್ದು ಹೇಳಿದೆ. "ಅಷ್ಟೊತ್ತು ಮಕ್ಕಳನ್ನ ಯಾರು ನೋಡ್ಕೊಳ್ತಾರೆ?" ಅಂದರು.

ನಾನು ಟಿನ್ ಫ್ಯಾಕ್ಟರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ ಯಾರು ನೋಡ್ಕೊಳ್ತಿದ್ದರೋ ಅವರೇ ಅಂದೆ.